ಬೇಸಿಗೆಯಲ್ಲಿ ಹಕ್ಕಿ ನೋಡುವುದು ಹೇಗೆ?

ಹಕ್ಕಿ ವೀಕ್ಷಣೆ ಚಳಿಗಾಲದ ಹವ್ಯಾಸ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಪಟ್ಟೆತಲೆ ಹೆಬ್ಬಾತುಗಳನ್ನು ನೋಡಲು ಗದಗ ಜಿಲ್ಲೆಯ ಮಾಗಡಿ ಕೆರೆಯವರೆಗೂ ಹೋಗುವವರು, ಅವು ಹಿಮಾಲಯದಾಚೆಗೆ ಮರಳಿದೊಡನೆ ಬೈನಾಕ್ಯುಲರನ್ನು ಪೆಟ್ಟಿಗೆಗೆ ಸೇರಿಸುತ್ತಾರೆ. ಇದರಿಂದ ಆಗುವ ನಷ್ಟ ದೊಡ್ಡದು. ನಮ್ಮ ನೆಲದಲ್ಲೇ ವರ್ಷವಿಡೀ ಇರುವ ಎಷ್ಟೋ ಹಕ್ಕಿಗಳು ಜೋಡಿಯಾಗುವುದು, ಗೂಡು ಕಟ್ಟುವುದು, ಮರಿ ಬೆಳೆಸುವುದು ಮಾರ್ಚ್‌ನಿಂದ ಜೂನ್‌ವರೆಗಿನ ದಿನಗಳಲ್ಲಿ. ಕೆರೆ ಬತ್ತುತ್ತಾ ಹೋದಂತೆ ಅಳಿದುಳಿದ ನೀರಿನ ಸುತ್ತಲೇ ಅವು ಬಂದು ಸೇರುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಹಕ್ಕಿಯನ್ನು ಅರಸಿ ಅಲೆಯಬೇಕಾಗಿಲ್ಲ. ಸರಿಯಾದ ಜಾಗ ಹುಡುಕಿ ಅಲ್ಲಿ ಅಲುಗದೆ ಕೂರುವುದನ್ನು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಜಾಗ

ಮನೆಯಿಂದ ನಡೆದೋ ಸೈಕಲ್ಲಿನಲ್ಲೋ ತಲುಪಬಹುದಾದ ಒಂದು ಕೆರೆಯನ್ನು ಆರಿಸಿಕೊಳ್ಳಿ. ನೀರು ಎಷ್ಟಿದೆ ಎಂಬುದಕ್ಕಿಂತ ಅಂಚು ಹೇಗಿದೆ ಎಂದು ನೋಡಿ. ಸುತ್ತಲೂ ಕಲ್ಲುಕಟ್ಟಡ ಕಟ್ಟಿ ಬಟ್ಟಲಿನಂತೆ ಮಾಡಿದ ಕೆರೆಯಲ್ಲಿ ನೀರು ತುಂಬಿದ್ದರೂ ಕಾಲೂರಿ ಮೇಯುವ ಹಕ್ಕಿಗೆ ಜಾಗವಿರುವುದಿಲ್ಲ. ಇಳಿಜಾರು ದಡ, ಕೆಸರು, ಒಂದಿಷ್ಟು ಜೊಂಡು, ಏರಿಯ ಮೇಲೆ ನಾಲ್ಕು ಹಳೆಯ ಮರ ಇದ್ದರೆ ಅದು ಒಳ್ಳೆಯ ಕೆರೆ. ಏರಿಯ ಹಿಂಬದಿಗೂ ಒಮ್ಮೆ ಇಳಿದು ನೋಡಿ. ತೂಬಿನ ಬಳಿ ಜಿನುಗುವ ನೀರಿಗೆ ಕಡು ಬೇಸಿಗೆಯಲ್ಲೂ ಹಸಿರು ಉಳಿದಿರುತ್ತದೆ. ಕೆರೆಯಂಗಳಕ್ಕಿಂತ ಹೆಚ್ಚು ಬಗೆಯ ಸಣ್ಣ ಹಕ್ಕಿಗಳು ಅಲ್ಲಿ ಸಿಗುವುದುಂಟು.

ಒಂದು ದಿನದ ಪ್ರವಾಸ ಮಾಡುವವರಿಗೆ ನನ್ನ ಮೊದಲ ಆಯ್ಕೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಜನರ ಓಡಾಟಕ್ಕೆ ಹೆದರುವುದಿಲ್ಲ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಪಕ್ಷಿತಜ್ಞ ಸಾಲಿಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದದ್ದು. 2022ರಲ್ಲಿ ಜಾಗತಿಕ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ದೋಣಿಯಲ್ಲಿ ಕುಳಿತೇ ಬಂಡೆಯ ಮೇಲೆ ಬಿಸಿಲು ಕಾಯಿಸುವ ಮೊಸಳೆಯನ್ನೂ ನೋಡಬಹುದು.

ಹೊತ್ತು ಮತ್ತು ದಿಕ್ಕು

ಸೂರ್ಯ ಹುಟ್ಟುವ ಮೊದಲೇ ಜಾಗದಲ್ಲಿರಿ, ಒಂಬತ್ತಕ್ಕೆ ಎದ್ದುಬಿಡಿ. ಆಮೇಲೆ ಹಕ್ಕಿಗಳು ನೆರಳು ಸೇರುತ್ತವೆ, ನೆಲದಿಂದೇಳುವ ಬಿಸಿಗಾಳಿಯಲ್ಲಿ ಬೈನಾಕ್ಯುಲರಿನ ನೋಟವೂ ನಡುಗತೊಡಗುತ್ತದೆ. ಮತ್ತೆ ಹೊರಡುವುದಾದರೆ ಸಂಜೆ ನಾಲ್ಕೂವರೆಯ ನಂತರ. ಸೂರ್ಯ ಸದಾ ನಿಮ್ಮ ಬೆನ್ನಿಗಿರಬೇಕು: ಬೆಳಿಗ್ಗೆ ಪೂರ್ವದ ದಡ, ಸಂಜೆ ಪಶ್ಚಿಮದ ದಡ. ದಿಕ್ಕು ತಪ್ಪಿದರೆ ಎದುರಿಗಿರುವ ಹಕ್ಕಿ ಬರೀ ಕಪ್ಪು ನೆರಳಾಗಿ ಕಾಣುತ್ತದೆ.

ಬೈನಾಕ್ಯುಲರ್ ಹಿಡಿಯುವ ಬಗೆ

ಕೊಳ್ಳುವುದಾದರೆ 8x42 ಸಾಕು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಮಸೂರ 42 ಮಿಲಿಮೀಟರ್ ಅಗಲವಿರುವುದರಿಂದ ಮುಂಜಾನೆಯ ಮಂದ ಬೆಳಕಿಗೂ ಒಗ್ಗುತ್ತದೆ. ಹತ್ತು ಪಟ್ಟಿನದು ಕೈಯಲ್ಲಿ ಹೆಚ್ಚು ಅಲುಗುತ್ತದೆ. ಮೊದಲು ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ನೋಟ ಸ್ಪಷ್ಟಗೊಳಿಸಿ. ಬಳಿಕ ಎಡಗಣ್ಣು ಮುಚ್ಚಿ, ಬಲಗಡೆಯ ಉಂಗುರ ತಿರುಗಿಸಿ ಅದೇ ವಸ್ತುವನ್ನು ಬಲಗಣ್ಣಿಗೆ ಹೊಂದಿಸಿ. ಇದನ್ನು ಒಮ್ಮೆ ಮಾಡಿದರೆ ಸಾಕು. ಹಕ್ಕಿ ಕಂಡಾಗ ದೃಷ್ಟಿಯನ್ನು ಅದರಿಂದ ಕೀಳದೆ ಬೈನಾಕ್ಯುಲರನ್ನೇ ಕಣ್ಣಿಗೆ ತನ್ನಿ. ತಲೆ ಬಗ್ಗಿಸಿ ಅದನ್ನು ಹುಡುಕುವಷ್ಟರಲ್ಲಿ ಹಕ್ಕಿ ಹಾರಿರುತ್ತದೆ. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬೇಡಿ, ಕಣ್ಣೇ ಹೋದೀತು.

ಮಣ್ಣಿನ ಅಥವಾ ಒಣಹುಲ್ಲಿನ ಬಣ್ಣದ ತುಂಬುತೋಳಿನ ಬಟ್ಟೆ, ಟೊಪ್ಪಿ, ಪಾದ ಮುಚ್ಚುವ ಶೂ, ಸಾಕಷ್ಟು ನೀರು ಇರಲಿ. ಕೂರುವ ಜಾಗವನ್ನು ಕೋಲಿನಿಂದ ತಟ್ಟಿ ನೋಡಿ, ಹಾವೂ ನೆರಳನ್ನೇ ಹುಡುಕಿರುತ್ತದೆ. ಒಣಗಿ ಬಿರುಕುಬಿಟ್ಟ ಕೆರೆಯಂಗಳಕ್ಕೆ ಇಳಿಯಬೇಡಿ. ಮೇಲೆ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಮೊಣಕಾಲುದ್ದ ಕೆಸರಿರಬಹುದು.

ಕೂರಿ, ನಂತರ ನೋಡಿ

ಮರದ ಬುಡಕ್ಕೆ ಬೆನ್ನು ಕೊಟ್ಟು ಇಪ್ಪತ್ತು ನಿಮಿಷ ಅಲುಗದೆ ಕುಳಿತುಬಿಡಿ. ನೀವು ಬಂದಾಗ ಚದುರಿದ ಹಕ್ಕಿಗಳು ಅಷ್ಟರಲ್ಲಿ ಹಿಂತಿರುಗುತ್ತವೆ. ಹೆಸರು ಹಿಡಿಯುವ ಆತುರ ಬೇಡ, ಹಕ್ಕಿ ಏನು ಮಾಡುತ್ತಿದೆ ಎಂದು ನೋಡಿ. ಬೇಸಿಗೆಯ ನಿಜವಾದ ಸೊಗಸು ಇರುವುದು ಅಲ್ಲೇ.

ಬಣ್ಣದ ಕೊಕ್ಕರೆಯ ಗೂಡನ್ನೇ ತೆಗೆದುಕೊಳ್ಳಿ. ಬಿಸಿಲೇರಿದಂತೆ ತಾಯಿಯೋ ತಂದೆಯೋ ಸೂರ್ಯನಿಗೆ ಬೆನ್ನು ಮಾಡಿ ರೆಕ್ಕೆಗಳನ್ನು ಅರ್ಧ ಬಿಚ್ಚಿ ನಿಲ್ಲುತ್ತದೆ. ಮರಿಗಳು ಆ ನೆರಳಿನೊಳಗೆ ಸರಿಯುತ್ತವೆ, ನೆರಳು ಜರುಗಿದರೆ ತಾವೂ ಜರುಗುತ್ತವೆ. ದೊಡ್ಡ ಹಕ್ಕಿಯ ಕಾಲುಗಳು ಬಿಳಿಬಿಳಿಯಾಗಿದ್ದರೆ ಅದನ್ನು ಕೊಳೆ ಎಂದುಕೊಳ್ಳಬೇಡಿ. ಅದು ತನ್ನ ಕಾಲಿನ ಮೇಲೆಯೇ ದ್ರವರೂಪದ ಹಿಕ್ಕೆ ಹಾಕಿಕೊಳ್ಳುತ್ತದೆ. ಅದರ ತೇವ ಆರುವಾಗ ಕಾಲಿನ ರಕ್ತ ತಂಪಾಗುತ್ತದೆ. ಪಕ್ಕದ ಹೆಜ್ಜಾರ್ಲೆ ಕೊಕ್ಕು ಬಿಟ್ಟು ಗಂಟಲ ಚೀಲವನ್ನು ಪಟಪಟನೆ ಅದುರಿಸುತ್ತಿರುತ್ತದೆ. ಹಕ್ಕಿಗೆ ಬೆವರುಗ್ರಂಥಿ ಇಲ್ಲ, ಬಿಸಿಯನ್ನು ಹೊರಹಾಕಲು ಅದಕ್ಕಿರುವ ದಾರಿಗಳು ಇಂಥವೇ.

ದಡದ ಗರಸು ನೆಲದಲ್ಲಿ ಟಿಟ್ಟಿಭ ಇರುತ್ತದೆ. ಗೂಡೆಂಬುದೇ ಇಲ್ಲ, ಕಲ್ಲುಗಳ ನಡುವೆ ಸಣ್ಣ ತಗ್ಗು, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಕಂದು ಚುಕ್ಕೆಗಳಿಂದಾಗಿ ಅವು ಕಲ್ಲಿನ ನಡುವೆ ಕಣ್ಣಿಗೆ ಬೀಳುವುದೇ ಇಲ್ಲ. ನಡುಹಗಲಿನ ಕಾವಿಗೆ ಮೊಟ್ಟೆ ಬೇಯದಂತೆ ಈ ಹಕ್ಕಿ ನೀರಿಗಿಳಿದು ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮತ್ತೆ ಮೊಟ್ಟೆಯ ಮೇಲೆ ಕೂರುತ್ತದೆ. ದೂರದಿಂದ ಇದನ್ನು ಒಮ್ಮೆ ಕಂಡವರು ಬೇಸಿಗೆಯಲ್ಲಿ ನೋಡಲು ಏನಿದೆ ಎಂದು ಕೇಳಲಾರರು.

ಬಣ್ಣ ಬದಲಿಸುವವರೂ ಇದ್ದಾರೆ. ಅಚ್ಚಬಿಳಿಯ ಗೋವಕ್ಕಿಯ ತಲೆ, ಕತ್ತು, ಬೆನ್ನು ಸಂತಾನದ ಕಾಲಕ್ಕೆ ಕಿತ್ತಳೆಗೆ ತಿರುಗುತ್ತವೆ. ಮಣ್ಣುಬಣ್ಣದ ಕೊಳದ ಬಕದ ಬೆನ್ನು ಕೆಂಗಂದು ಬಣ್ಣ ತಾಳುತ್ತದೆ. ಬೇಲಿಯ ಮೇಲಿನ ಗಂಡು ಓತಿಕ್ಯಾತಕ್ಕೆ ತಲೆ ಕೆಂಪೇರಿರುತ್ತದೆ. ಒದ್ದೆ ಮಣ್ಣಿನ ಮೇಲೆ ಗುಂಪಾಗಿ ಕುಳಿತ ಚಿಟ್ಟೆಗಳನ್ನೂ ಬಿಡಬೇಡಿ, ಅವು ಮಣ್ಣಿನ ಲವಣ ಹೀರಲು ಬಂದಿರುತ್ತವೆ. ಅವುಗಳಲ್ಲಿ ಬಹುತೇಕ ಗಂಡು.

ಕುರುಚಲು ಕಾಡಿನಲ್ಲಿ ಒಂದೇ ಮರ

ಕಾಡಿನ ಅಂಚಿಗೆ ಹೋದರೆ ಹಣ್ಣು ಬಿಟ್ಟ ಆಲವನ್ನೋ ಅತ್ತಿಯನ್ನೋ ಹುಡುಕಿ ಅದರಿಂದ ಕೊಂಚ ದೂರ ಕುಳಿತುಕೊಳ್ಳಿ. ಗೊರವಂಕ, ಪಿಕಳಾರ, ಕೋಗಿಲೆ, ಕುಟ್ರುಹಕ್ಕಿ ಎಲ್ಲವೂ ಸರದಿಯಲ್ಲಿ ಬರುತ್ತವೆ. ಮೈತುಂಬ ಬಿಳಿಚುಕ್ಕೆಯ ಕಂದು ಹಕ್ಕಿ ಕಂಡರೆ ಅದು ಹೆಣ್ಣು ಕೋಗಿಲೆ. ಕೂಗಿ ಕೂಗಿ ಕರೆಯುವ ಕರಿಯ ಹಕ್ಕಿ ಗಂಡು.

ಇಲ್ಲಿ ಕಿವಿಯೇ ಮುಂದಿರಬೇಕು. ಲೋಹ ಕುಟ್ಟುವಂತೆ ಟುಕ್ ಟುಕ್ ಎಂದು ಒಂದೇ ಲಯದಲ್ಲಿ ಕೇಳಿಬರುವುದು ಕಂಚುಗಾರ ಹಕ್ಕಿಯ ಕರೆ. ಕೂಗುವಾಗ ಅದು ಕೊಕ್ಕು ತೆರೆಯುವುದಿಲ್ಲ, ಪ್ರತಿ ಸಲವೂ ಗಂಟಲು ಉಬ್ಬಿ ಇಳಿಯುತ್ತದೆ. ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ದನಿ ಎಲ್ಲಿಂದ ಬಂತೆಂದು ತಿಳಿಯದು. ಎಲೆಯಿಲ್ಲದ ತುದಿಕೊಂಬೆಗಳನ್ನು ಮೊದಲು ನೋಡಿ. ಗೊತ್ತಿಲ್ಲದ ದನಿಗೆ ಮೆರ್ಲಿನ್ ಆ್ಯಪ್ ನೆರವಾಗುತ್ತದೆ, ಆದರೆ ಅದು ಹೇಳಿದ ಹೆಸರನ್ನು ಕಣ್ಣಾರೆ ಕಂಡ ಮೇಲೆಯೇ ಒಪ್ಪಿಕೊಳ್ಳಿ.

ಹೊರಡುವ ಮೊದಲು ನೀರಿನಂಚಿನ ಕೆಸರನ್ನು ಓದಿ. ರಾತ್ರಿ ಬಂದು ಹೋದವರ ಹೆಜ್ಜೆ ಅಲ್ಲಿರುತ್ತದೆ. ನಾಲ್ಕು ಬೆರಳು, ಉಗುರಿನ ಗುರುತೂ ಮೂಡಿದ್ದರೆ ನಾಯಿ ಅಥವಾ ನರಿ. ಉಗುರು ಕಾಣದ ದುಂಡು ಹೆಜ್ಜೆಯಾದರೆ ಬೆಕ್ಕಿನ ಜಾತಿ.

ಗೂಡಿನಿಂದ ದೂರ

ಈ ಕಾಲದಲ್ಲಿ ತಪ್ಪದೆ ಪಾಲಿಸಬೇಕಾದ ನಿಯಮ ಇದು. ಟಿಟ್ಟಿಭ ತಲೆಯ ಮೇಲೆ ಅರಚುತ್ತಾ ಸುತ್ತತೊಡಗಿದರೆ ಹತ್ತಿರದಲ್ಲೇ ಮೊಟ್ಟೆಯಿದೆ ಎಂದರ್ಥ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಿರಿ. ನೀವು ನಿಂತಷ್ಟೂ ಹೊತ್ತು ಮೊಟ್ಟೆ ಬಿಸಿಲಿಗೆ ಬಿದ್ದಿರುತ್ತದೆ, ಕಾಗೆ ನೋಡುತ್ತಿರುತ್ತದೆ. ಫೋಟೊಗಾಗಿ ಗೂಡಿನ ಮುಂದಿನ ಎಲೆ ಸವರುವುದು, ಮೊಬೈಲಿನಲ್ಲಿ ದನಿ ಕೇಳಿಸಿ ಹಕ್ಕಿಯನ್ನು ಕರೆಯುವುದು ಎರಡೂ ಅನ್ಯಾಯ. ಕಾಡುಹಕ್ಕಿಯ ಮೊಟ್ಟೆ, ಗೂಡಿಗೆ ತೊಂದರೆ ಕೊಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯ ಸಾಲಿಗೇ ಸೇರಿಸುತ್ತದೆ.

ನೆಲದ ಮೇಲೆ ಪುಕ್ಕ ಮೂಡಿದ ಮರಿ ಕಂಡರೆ ಮನೆಗೆ ತರಬೇಡಿ. ಅದು ಹಾರಲು ಕಲಿಯುತ್ತಿದೆ, ಹೆತ್ತವು ಅಲ್ಲೇ ಎಲ್ಲೋ ಇವೆ. ಪುಕ್ಕವಿಲ್ಲದ ಮರಿಯಾದರೆ, ಗೂಡು ಕೈಗೆಟಕುವಂತಿದ್ದರೆ ಅದರೊಳಗಿಟ್ಟು ಬನ್ನಿ. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಒಲ್ಲದು ಎಂಬ ನಂಬಿಕೆ ಸುಳ್ಳು.

ಬರೆದಿಡಿ

ದಿನಾಂಕ, ಹೊತ್ತು, ನೀರು ಎಲ್ಲಿಯವರೆಗೆ ಇದೆ, ಯಾವ ಹಕ್ಕಿ ಎಷ್ಟು, ಏನು ಮಾಡುತ್ತಿತ್ತು, ಇಷ್ಟನ್ನು ಅಲ್ಲೇ ಕುಳಿತು ಬರೆಯಿರಿ. ಅದೇ ಕೆರೆಗೆ ವಾರಕ್ಕೊಮ್ಮೆ ಹೋದರೆ ನೀರು ಇಳಿದಂತೆ ಹಕ್ಕಿಗಳು ಬದಲಾಗುವ ಕ್ರಮ ಪುಟದಿಂದ ಪುಟಕ್ಕೆ ಕಾಣತೊಡಗುತ್ತದೆ. ಪಟ್ಟಿಯನ್ನು ಹಕ್ಕಿ ನೋಡುವವರ ದಾಖಲೆಗಳನ್ನು ಕೂಡಿಡುವ ಇಬರ್ಡ್ ಜಾಲತಾಣಕ್ಕೆ ಸೇರಿಸಿದರೆ ಸಂಶೋಧಕರಿಗೂ ಉಪಯೋಗ. ಗೂಡು ಎಲ್ಲಿದೆ ಎಂಬ ವಿವರ ಮಾತ್ರ ನಿಮ್ಮ ನೋಟ್‌ಪುಸ್ತಕದಲ್ಲೇ ಇರಲಿ. ವಾಟ್ಸ್ಆ್ಯಪ್ ಗುಂಪಿಗೂ ಫೇಸ್‌ಬುಕ್ಕಿಗೂ ಹಾಕಬೇಡಿ.