ತರಗತಿಗೆ ಕಾಮಿಕ್ಸ್ ತರುವುದು ಹೇಗೆ?

ಏಳನೇ ತರಗತಿಗೆ ಮೊದಲ ಸಲ ಕಾಮಿಕ್ಸ್ ಪುಸ್ತಕಗಳನ್ನು ಒಯ್ದ ದಿನ ನನ್ನ ಪಾಠ ಹತ್ತೇ ನಿಮಿಷಕ್ಕೆ ಮುಗಿದುಹೋಯಿತು. 32 ಪುಟಗಳ ಪುಸ್ತಕವನ್ನು ಮಕ್ಕಳು ಸರಸರನೆ ತಿರುವಿಹಾಕಿ, ‘ಮುಗೀತು ಸಾರ್, ಇನ್ನೊಂದು ಕೊಡಿ’ ಎಂದು ಕೈಚಾಚಿದರು. ಕಥೆ ಏನೆಂದು ಕೇಳಿದರೆ ಎಲ್ಲರಿಗೂ ಗೊತ್ತಿತ್ತು. ಅರಸನ ಹಿಂದೆ ಕಿಟಕಿಯ ಆಚೆ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದವನು ಯಾರು ಎಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಅವರು ಓದಿದ್ದು ಮಾತುಗಳನ್ನು ಮಾತ್ರ, ಚಿತ್ರಗಳ ಮೇಲೆ ಕಣ್ಣು ಜಾರಿಹೋಗಿತ್ತು. ಕಾಮಿಕ್ಸ್ ಓದುವುದು ತಾನಾಗಿ ಬರುವ ವಿದ್ಯೆ, ಅದನ್ನು ಕಲಿಸಬೇಕಾಗಿಲ್ಲ ಎಂಬ ನನ್ನ ನಂಬಿಕೆ ಅಂದೇ ಬಿದ್ದುಹೋಯಿತು. ಪಾಠ ನುಂಗಿಸಲು ಕೊಡುವ ಬೆಲ್ಲದ ಚೂರಿನಂತೆ ಕಾಮಿಕ್ಸನ್ನು ಬಳಸಿದರೆ ಮಕ್ಕಳು ಬೆಲ್ಲ ತಿಂದು ಪಾಠವನ್ನು ಉಗಿಯುತ್ತಾರೆ. ಕಾಮಿಕ್ಸಿನ ಪುಟವನ್ನೇ ಪಾಠವಾಗಿ ನಡೆಸುವ ಒಂದು ಕ್ರಮವನ್ನು ಮುಂದೆ ವಿವರಿಸಿದ್ದೇನೆ.

ಹೆಸರಿನ ಬಗ್ಗೆ ಒಂದು ಮಾತು. ‘ಚಿತ್ರಕಥೆ’ ಎಂದರೆ ಕನ್ನಡದಲ್ಲಿ ಸಿನಿಮಾದ ಬರವಣಿಗೆಯೂ ಆಗುವುದರಿಂದ ಇಲ್ಲಿ ಕಾಮಿಕ್ಸ್ ಎಂದೇ ಕರೆದಿದ್ದೇನೆ. ಒಂದೊಂದು ಚಿತ್ರವಿರುವ ಮನೆಯನ್ನು ಚೌಕ ಎಂದೂ, ಮಾತು ಬರೆದಿರುವ ಜಾಗವನ್ನು ಮಾತಿನ ಗುಳ್ಳೆ ಎಂದೂ, ಎರಡು ಚೌಕಗಳ ನಡುವಿನ ಬಿಳಿಯ ಜಾಗವನ್ನು ಖಾಲಿ ಪಟ್ಟಿ ಎಂದೂ ಕರೆಯೋಣ. ಮಕ್ಕಳಿಗೆ ಈ ಮೂರು ಹೆಸರುಗಳನ್ನು ಮೊದಲ ದಿನವೇ ಕಲಿಸಿಬಿಟ್ಟರೆ ಮುಂದಿನ ಮಾತುಕತೆ ಸಲೀಸಾಗುತ್ತದೆ.

ಪುಸ್ತಕವನ್ನಲ್ಲ, ಪುಟವನ್ನು ಆರಿಸಿ

ಒಂದು ಪೀರಿಯಡ್‌ಗೆ ಒಂದು ಪುಟ ಸಾಕು. ಐದಾರು ಚೌಕಗಳಿದ್ದರೆ ಅದೇ ಹೆಚ್ಚು. ಪುಟವನ್ನು ಆರಿಸಲು ನಾನು ಹೆಬ್ಬೆರಳಿನ ಪರೀಕ್ಷೆಯನ್ನು ಮಾಡುತ್ತೇನೆ. ಮಾತಿನ ಗುಳ್ಳೆಗಳನ್ನೆಲ್ಲ ಹೆಬ್ಬೆರಳಿನಿಂದ ಮುಚ್ಚುತ್ತ ಚಿತ್ರಗಳನ್ನಷ್ಟೇ ನೋಡಿದಾಗ ಅರ್ಧ ಕಥೆಯಾದರೂ ತಿಳಿಯಬೇಕು. ಚಿತ್ರಗಳನ್ನು ಬಿಟ್ಟು ಮಾತುಗಳನ್ನಷ್ಟೇ ಓದಿದಾಗ ಏನೋ ಕಳೆದುಹೋದಂತೆ ಅನ್ನಿಸಬೇಕು. ಮಾತುಗಳಿಂದಲೇ ಎಲ್ಲವೂ ತಿಳಿದುಬಿಡುವುದಾದರೆ ಅದು ಪಕ್ಕದಲ್ಲಿ ಚಿತ್ರ ಅಂಟಿಸಿದ ಪಾಠವೇ ಹೊರತು ಕಾಮಿಕ್ಸ್ ಅಲ್ಲ. ಶೈಕ್ಷಣಿಕ ಉದ್ದೇಶಕ್ಕಾಗಿಯೇ ತಯಾರಿಸಿದ ಪುಸ್ತಕಗಳಲ್ಲಿ ಈ ದೋಷ ಹೆಚ್ಚು ಎಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ: ಒಬ್ಬ ಮೇಷ್ಟರು, ಇಬ್ಬರು ಮಕ್ಕಳು, ಚೌಕದ ಮುಕ್ಕಾಲು ಭಾಗ ತುಂಬಿದ ಉಪನ್ಯಾಸ.

ಕನ್ನಡದಲ್ಲಿ ಸಾಮಗ್ರಿ ಎಲ್ಲಿ ಸಿಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಬಾಲಮಂಗಳ ಎಂಬ ಮಕ್ಕಳ ಪತ್ರಿಕೆಯ ಹಳೆಯ ಸಂಚಿಕೆಗಳು ಹಲವು ಮನೆಗಳ ಅಟ್ಟದ ಮೇಲೆ ಇನ್ನೂ ಇವೆ. ಅದರಲ್ಲಿ ಬರುತ್ತಿದ್ದ ಡಿಂಗನ ಕಾಮಿಕ್ಸನ್ನು ಕೇಳಿ ನೋಡಿ, ಅಪ್ಪ–ಅಮ್ಮಂದಿರೇ ಹುಡುಕಿ ಕಳಿಸುತ್ತಾರೆ. ಅಮರ ಚಿತ್ರ ಕಥೆ ಮಾಲಿಕೆಯ ಹುಟ್ಟಿನಲ್ಲಂತೂ ಬೆಂಗಳೂರಿಗೂ ಕನ್ನಡಕ್ಕೂ ಪಾಲಿದೆ. ಅದರ ಪ್ರಕಾಶಕರಾದ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಪಾಶ್ಚಾತ್ಯ ಕಥೆಗಳ ಕಾಮಿಕ್ಸನ್ನು ಕನ್ನಡದಲ್ಲಿ ಹೊರತಂದರು. ಮೊದಲ 10 ಸಂಖ್ಯೆಗಳು ಅಂಥ ಕಥೆಗಳಿಗೇ ಹೋದ ಕಾರಣ, ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಬಂದ ಕೃಷ್ಣನ ಕಥೆಗೆ 11ನೇ ಸಂಖ್ಯೆ ಬಿದ್ದಿತು. ಕೇಂದ್ರ ಸರ್ಕಾರದ ಶಾಲಾ ಕಲಿಕೆಯ ತಾಣವಾದ ದೀಕ್ಷಾದಲ್ಲಿ 3ರಿಂದ 12ನೇ ತರಗತಿಯವರೆಗಿನ ಎನ್‌ಸಿಇಆರ್‌ಟಿ ಪಠ್ಯಕ್ಕೆ ಹೊಂದುವ ನೂರಕ್ಕೂ ಹೆಚ್ಚು ಕಾಮಿಕ್ಸ್ 2021ರಲ್ಲಿ ಬಿಡುಗಡೆಯಾದವು. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಸ್ಟೋರಿವೀವರ್ ತಾಣದಲ್ಲಿರುವುದು ಬಹುಪಾಲು ಚಿತ್ರಪುಸ್ತಕಗಳಾದರೂ ಉಚಿತವಾಗಿ ಇಳಿಸಿಕೊಂಡು ಮುದ್ರಿಸಬಹುದಾದ್ದರಿಂದ ಕೆಳ ತರಗತಿಗಳಿಗೆ ಅವೂ ಉಪಯೋಗಕ್ಕೆ ಬರುತ್ತವೆ.

ಆರಿಸಿದ ಪುಟದ ನೆರಳಚ್ಚು ಪ್ರತಿಗಳನ್ನು ತೆಗೆಸುವಾಗ ಗುಳ್ಳೆಗಳ ಮೇಲೆ ಬಿಳಿಯ ಕಾಗದದ ಚೂರು ಅಂಟಿಸಿ ಒಂದು ಕಂತು, ಏನೂ ಅಂಟಿಸದೆ ಇನ್ನೊಂದು ಕಂತು ತೆಗೆಸಿ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಪಾಠದ ಸಲುವಾಗಿ ಶಿಕ್ಷಕರು ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಆದರೆ ಇಡೀ ಪುಸ್ತಕವನ್ನು ಸ್ಕ್ಯಾನ್ ಮಾಡಿ ಪೋಷಕರ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದನ್ನು ಪಾಠ ಎಂದು ಸಮರ್ಥಿಸಿಕೊಳ್ಳುವುದು ಕಷ್ಟ.

ಖಾಲಿ ಪಟ್ಟಿಯಲ್ಲಿ ಏನಾಯಿತು?

ಮೊದಲ ಪೀರಿಯಡ್‌ನಲ್ಲಿ ಮಾತಿಲ್ಲದ ಪ್ರತಿಯನ್ನು ಹಂಚಿ, ಐದು ನಿಮಿಷ ಯಾರೂ ಮಾತನಾಡದೆ ನೋಡಬೇಕು ಎಂದು ಹೇಳಿ. ಐದು ನಿಮಿಷ ಬಹಳ ದೀರ್ಘ ಕಾಲ. ಎರಡನೇ ನಿಮಿಷಕ್ಕೇ ‘ನೋಡಿಯಾಯ್ತು’ ಎನ್ನುವವರಿಗೆ ಎಣಿಸುವ ಕೆಲಸ ಕೊಡಿ: ಯಾವ ಚೌಕ ಎಲ್ಲಕ್ಕಿಂತ ದೊಡ್ಡದು, ಎಲ್ಲಿ ಮುಖ ಮಾತ್ರ ಕಾಣುತ್ತದೆ, ಎಲ್ಲಿ ನಾವು ಮೇಲಿನಿಂದ ನೋಡುತ್ತಿದ್ದೇವೆ. ಅಷ್ಟಾದ ಮೇಲೆ ಇಡೀ ಪಾಠದ ಮುಖ್ಯ ಪ್ರಶ್ನೆಯನ್ನು ಕೇಳಿ: ಎರಡನೆಯ ಚೌಕಕ್ಕೂ ಮೂರನೆಯದಕ್ಕೂ ನಡುವೆ ಏನು ನಡೆಯಿತು?

ಉದಾಹರಣೆಗೆ, ಎರಡನೆಯ ಚೌಕದಲ್ಲಿ ಹುಡುಗನೊಬ್ಬ ಮಾವಿನ ಮರದ ಕೊಂಬೆಯ ಮೇಲಿದ್ದಾನೆ. ಮೂರನೆಯದರಲ್ಲಿ ಅವನ ಕೈಗೆ ಕಟ್ಟು ಕಟ್ಟಿದೆ, ಅಮ್ಮ ಬೆನ್ನು ತಿರುಗಿಸಿ ನಿಂತಿದ್ದಾಳೆ. ಅವನು ಬಿದ್ದದ್ದನ್ನು ಯಾರೂ ಬರೆದಿಲ್ಲ, ಓದುಗನೇ ಬೀಳಿಸಿದ್ದು. ಆ ನಡುವೆ ಹೋದದ್ದು ಒಂದು ಗಂಟೆಯೋ ಒಂದು ದಿನವೋ, ಅಮ್ಮನಿಗೆ ಬಂದಿರುವುದು ಸಿಟ್ಟೋ ಅಳುವೋ ಎಂದು ಕೇಳಿ, ಪ್ರತಿ ಉತ್ತರಕ್ಕೂ ‘ಅದು ನಿನಗೆ ಎಲ್ಲಿ ಕಾಣಿಸಿತು?’ ಎಂದು ಮರುಪ್ರಶ್ನೆ ಹಾಕುತ್ತ ಹೋದರೆ, ಪಠ್ಯಪುಸ್ತಕದ ಪ್ರಶ್ನೋತ್ತರಗಳಲ್ಲಿ ವರ್ಷವಿಡೀ ಬಾಯಿ ತೆರೆಯದ ಹುಡುಗಿಯೂ ಎದ್ದು ನಿಂತು ಅಮ್ಮನ ಸೆರಗಿನ ತುದಿ ಒದ್ದೆಯಾಗಿದೆ ಎಂದು ತೋರಿಸಿಯಾಳು. ಅಮೆರಿಕದ ಕಾಮಿಕ್ಸ್ ಕಲಾವಿದ ಸ್ಕಾಟ್ ಮೆಕ್‌ಕ್ಲೌಡ್ 1993ರ ತಮ್ಮ ಪುಸ್ತಕದಲ್ಲಿ ಒಂದು ಚೌಕದಿಂದ ಇನ್ನೊಂದಕ್ಕೆ ದಾಟುವ ಬಗೆಗಳನ್ನು ಆರಾಗಿ ವಿಂಗಡಿಸಿದ್ದಾರೆ. ಮಕ್ಕಳಿಗೆ ಆರೂ ಬೇಡ, ಕ್ಷಣ ದಾಟಿದೆಯೋ, ಕಾಲ ದಾಟಿದೆಯೋ, ಊರು ದಾಟಿದೆಯೋ ಎಂಬ ಮೂರು ಸಾಕು.

ಮನೆಯಲ್ಲಿ ಜಪಾನಿನ ಕಾಮಿಕ್ಸ್ ಆದ ಮಾಂಗಾ ಓದುವ ಮಕ್ಕಳು ತರಗತಿಯಲ್ಲಿದ್ದರೆ ಅವು ಬಲದಿಂದ ಎಡಕ್ಕೆ ಸಾಗುವುದನ್ನು ಅವರಿಂದಲೇ ಉಳಿದವರಿಗೆ ಹೇಳಿಸಿ. ದೃಷ್ಟಿ ಮಂದವಿರುವ ಮಗುವಿದ್ದರೆ ಜೊತೆಗಾರರು ಚೌಕವನ್ನು ಬಾಯಿಮಾತಿನಲ್ಲಿ ವರ್ಣಿಸಲಿ. ಬಿಟ್ಟದ್ದೇನು, ಹೇಳಿದ್ದೇನು ಎಂಬ ತಕರಾರು ಕೂಡಲೇ ಏಳುತ್ತದೆ, ಏಳಲಿ.

ಗುಳ್ಳೆಗೆ ಕನ್ನಡ ತುಂಬುವುದು

ಎರಡನೇ ಪೀರಿಯಡ್ ಭಾಷೆಯದು. ಖಾಲಿ ಗುಳ್ಳೆಗಳಿಗೆ ಮಕ್ಕಳೇ ಮಾತು ಬರೆಯಬೇಕು. ಒಂದು ಗುಳ್ಳೆಗೆ ಎಂಟು ಪದಗಳಿಗಿಂತ ಹೆಚ್ಚು ಸಲ್ಲದು ಎಂಬ ನಿಯಮವಿರಲಿ. ಮೊದಲ ಯತ್ನದಲ್ಲಿ ಎಲ್ಲ ಪಾತ್ರಗಳೂ ಪಠ್ಯಪುಸ್ತಕದ ಕನ್ನಡದಲ್ಲಿ ಮಾತನಾಡುತ್ತವೆ, ಸಂತೆಯ ಅಜ್ಜಿಯೂ ‘ನೀನು ಎಲ್ಲಿಗೆ ಹೋಗುತ್ತಿರುವೆ?’ ಎನ್ನುತ್ತಾಳೆ. ನಿಮ್ಮ ಅಜ್ಜಿ ಹಾಗೆ ಕೇಳುತ್ತಾರೆಯೇ ಎಂದು ವಿಚಾರಿಸಿದರೆ ಸಾಕು, ಧಾರವಾಡದ ಕಡೆಯವರಲ್ಲಿ ‘ಎಲ್ಲಿಗ್ ಹೊಂಟಿ?’ ಎಂದೂ ಮೈಸೂರಿನ ಕಡೆಯವರಲ್ಲಿ ‘ಎಲ್ಲಿಗ್ ಹೊರ್ಟೆ?’ ಎಂದೂ ತಿದ್ದುಪಡಿಯಾಗುತ್ತದೆ. ಆಡುನುಡಿಯನ್ನು ಉತ್ತರಪತ್ರಿಕೆಯಲ್ಲಿ ಕೆಂಪು ಶಾಯಿಯಿಂದ ತಿದ್ದುವ ನಾವು, ಅದನ್ನು ಬರೆಯಲೇಬೇಕಾದ ಒಂದು ಜಾಗವನ್ನು ಹೀಗೆ ಮಕ್ಕಳಿಗೆ ಒದಗಿಸಬಹುದು.

ಶಬ್ದಗಳ ವಿಷಯದಲ್ಲಿ ಕನ್ನಡಕ್ಕಿರುವಷ್ಟು ಸಿರಿವಂತಿಕೆ ನಮ್ಮ ಕಾಮಿಕ್ಸುಗಳಲ್ಲಿ ಕಾಣುವುದಿಲ್ಲ. ಮಡಕೆ ಒಡೆದರೂ ‘ಬೂಮ್’, ಬಾಂಬು ಸಿಡಿದರೂ ‘ಬೂಮ್’. ವ್ಯಾಕರಣದ ಪಾಠದಲ್ಲಿ ಅನುಕರಣಾವ್ಯಯ ಎಂಬ ಹೆಸರನ್ನು ಕಂಠಪಾಠ ಮಾಡಿಸಿ, ನಾಲ್ಕು ಉದಾಹರಣೆ ಬರೆಸಿ ಮುಗಿಸುತ್ತೇವಲ್ಲ, ಅದನ್ನು ಇಲ್ಲಿ ಕೆಲಸಕ್ಕೆ ಹಚ್ಚಿ. ಮಳೆ ಜಿಟಿಜಿಟಿ ಹಿಡಿದರೆ ಗೆರೆ ಹೇಗೆ ಎಳೆಯಬೇಕು, ಧೋ ಎಂದು ಸುರಿದರೆ ಹೇಗೆ. ಸೊಳ್ಳೆಯ ‘ಗುಂಯ್’ ಅನ್ನು ಚಿಕ್ಕ ಅಕ್ಷರದಲ್ಲಿ ಬರೆಯಬೇಕೋ ದೊಡ್ಡದರಲ್ಲೋ. ತೆಂಗಿನಕಾಯಿ ಮಣ್ಣಿನ ಮೇಲೆ ಬಿದ್ದಾಗಿನ ಶಬ್ದವೂ ಹೆಂಚಿನ ಮೇಲೆ ಬಿದ್ದಾಗಿನ ಶಬ್ದವೂ ಒಂದೆಯೇ? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಒಂದು ತರಗತಿ ಅರ್ಧ ಗಂಟೆಯಲ್ಲಿ ಕರಿಹಲಗೆಯನ್ನೇ ತುಂಬಿಸಿಬಿಡುತ್ತದೆ.

ಗುಳ್ಳೆಯ ಆಕಾರಕ್ಕೂ ಅರ್ಥವಿದೆ. ಅಂಚು ಮುಳ್ಳುಮುಳ್ಳಾಗಿದ್ದರೆ ಕಿರುಚು, ಚುಕ್ಕೆಗೆರೆಯಾಗಿದ್ದರೆ ಪಿಸುಮಾತು, ಮೋಡದಂತಿದ್ದರೆ ಮನಸ್ಸಿನ ಮಾತು. ಮನೆಗೆಲಸವಾಗಿ ಅದೇ ಪುಟವನ್ನು ಗದ್ಯದಲ್ಲಿ ಬರೆದು ತರಲು ಹೇಳಿದಾಗ ಈ ಆಕಾರಗಳು ಕ್ರಿಯಾಪದಗಳಾಗಬೇಕು: ‘ಎಂದು ಹೇಳಿದನು’ ಎಂದೇ ಪ್ರತಿ ವಾಕ್ಯವನ್ನು ಮುಗಿಸುವ ಬದಲು ಗದರಿದನು, ಗೊಣಗಿದಳು, ಪಿಸುಗುಟ್ಟಿದರು, ಅಂದುಕೊಂಡಳು ಎಂದು ಬರೆಯಬೇಕಾಗುತ್ತದೆ. ಮೂಲದ ಗುಳ್ಳೆಗಳಲ್ಲಿ ಏನಿತ್ತು ಎಂಬುದನ್ನು ಇಷ್ಟೆಲ್ಲ ಆದ ಮೇಲೆಯೇ ತೋರಿಸಿ.

ಇತಿಹಾಸಕ್ಕೆ ತಂದಾಗ ತುಸು ಎಚ್ಚರ

ಚರಿತ್ರೆಯ ಕಾಮಿಕ್ಸನ್ನು ಮಕ್ಕಳು ಛಾಯಾಚಿತ್ರವೆಂದೇ ನಂಬುತ್ತಾರೆ. ಕಿತ್ತೂರಿನ ಪಾಠವನ್ನೇ ತೆಗೆದುಕೊಳ್ಳಿ. 1824ರ ಅಕ್ಟೋಬರ್ 23ರ ಕಾಳಗದಲ್ಲಿ ಧಾರವಾಡದ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಸತ್ತದ್ದು, ಡಿಸೆಂಬರಿನ ಎರಡನೆಯ ಯುದ್ಧದಲ್ಲಿ ಕೋಟೆ ಬಿದ್ದದ್ದು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡದ್ದು ದಾಖಲೆಯ ಮಾತು. ಚೌಕದಲ್ಲಿ ಕಾಣುವ ರಾಣಿಯ ಸೀರೆಯ ಬಣ್ಣ, ಕುದುರೆಯ ನಿಲುವು, ಬಾಯಿಂದ ಹೊರಡುವ ಸಂಭಾಷಣೆ ಚಿತ್ರಕಾರನ ಮತ್ತು ಬರಹಗಾರನ ನಿರ್ಧಾರ. ಎರಡು ಬಣ್ಣದ ಪೆನ್ಸಿಲ್ ಕೊಟ್ಟು, ದಾಖಲೆಯಿಂದ ಬಂದದ್ದಕ್ಕೆ ಒಂದು ಬಣ್ಣ, ಕಲ್ಪನೆಯಿಂದ ಬಂದದ್ದಕ್ಕೆ ಇನ್ನೊಂದು ಬಣ್ಣ ಹಚ್ಚಿಸಿ. ಪೌರಾಣಿಕ ಕಾಮಿಕ್ಸಾದರೆ ಯಾರ ಮೈಬಣ್ಣ ಬಿಳಿ, ಯಾರದು ಕಪ್ಪು ಅಥವಾ ಹಸಿರು, ಮಾತಿನ ಗುಳ್ಳೆ ಇರುವ ಹೆಣ್ಣುಮಕ್ಕಳು ಎಷ್ಟು ಜನ ಎಂದು ಎಣಿಸಿ ಕೋಷ್ಟಕ ಮಾಡಲಿ. ಮೈಬಣ್ಣ ಮತ್ತು ಹೆಣ್ಣಿನ ಚಿತ್ರಣದ ಬಗ್ಗೆ ವಿಮರ್ಶಕರು ಬಹುಕಾಲದಿಂದ ಎತ್ತುತ್ತಿರುವ ಆಕ್ಷೇಪವನ್ನು ಮಕ್ಕಳು ತಮ್ಮದೇ ಲೆಕ್ಕದಿಂದ ಕಂಡುಕೊಳ್ಳುತ್ತಾರೆ. ನಾವು ಭಾಷಣ ಮಾಡಬೇಕಾಗಿಲ್ಲ.

ನಾಲ್ಕು ಚೌಕದ ಕಾಮಿಕ್ಸ್ ಮಾಡಿಸುವುದು

ಓದಿದ ಮೇಲೆ ರಚನೆ. ಶರದ್ ಶರ್ಮಾ ಅವರ ವರ್ಲ್ಡ್ ಕಾಮಿಕ್ಸ್ ಇಂಡಿಯಾ ಸಂಸ್ಥೆಯು ಹಳ್ಳಿಗಳ ಜನರಿಂದ ಗೋಡೆಗೆ ಅಂಟಿಸುವ ಕಾಮಿಕ್ಸ್ ಮಾಡಿಸುವಾಗ ಬಳಸುವ ಅಳತೆ ಶಾಲೆಗೂ ಚೆನ್ನಾಗಿ ಒಗ್ಗುತ್ತದೆ: ಎರಡು ಎ4 ಹಾಳೆಗಳನ್ನು ಜೋಡಿಸಿ, ನಾಲ್ಕು ಚೌಕ. ಖರ್ಚು ಕಾಗದದ್ದು ಮತ್ತು ಕಪ್ಪು ಪೆನ್ನಿನದು. ಚಿತ್ರ ಬರೆಯಲು ಬಾರದು ಎನ್ನುವವರಿಗೆ ಕಡ್ಡಿಯಂಥ ಮನುಷ್ಯರು ಸಾಕು ಎಂದು ನೀವೇ ಒಂದನ್ನು ಕರಿಹಲಗೆಯ ಮೇಲೆ ಕೆಟ್ಟದಾಗಿ ಬರೆದು ತೋರಿಸಿ; ನನ್ನ ಚಿತ್ರ ನೋಡಿ ಧೈರ್ಯ ಬಾರದ ಮಗುವನ್ನು ನಾನಿನ್ನೂ ಕಂಡಿಲ್ಲ.

ವಿಜ್ಞಾನದ ಉದಾಹರಣೆ ನೋಡೋಣ. ಸೊಳ್ಳೆಯ ಬದುಕಿನಲ್ಲಿ ಮೊಟ್ಟೆ, ಲಾರ್ವಾ, ಪ್ಯೂಪಾ, ಪ್ರೌಢ ಕೀಟ ಎಂಬ ನಾಲ್ಕು ಹಂತಗಳಿರುವುದರಿಂದ ಒಂದೊಂದಕ್ಕೆ ಒಂದೊಂದು ಚೌಕ ಎಂದು ಮಕ್ಕಳು ತಕ್ಷಣ ಹಂಚಿಬಿಡುತ್ತಾರೆ. ಹಾಗೆ ಮಾಡಿದರೆ ಅದು ಚಾರ್ಟ್ ಆಗುತ್ತದೆ. ಕಥೆಗೆ ಒಬ್ಬ ಮನುಷ್ಯ ಬೇಕು, ಅವನಿಗೊಂದು ತೊಂದರೆ ಬೇಕು. ಮೊದಲ ಚೌಕದಲ್ಲಿ ನಲ್ಲಿ ನೀರು ಬಂದ ಸಂಭ್ರಮದಲ್ಲಿ ಡ್ರಮ್ಮು ತುಂಬಿಸಿ ಮುಚ್ಚಳ ಹಾಕಲು ಮರೆಯುವ ಮನೆಯವರು. ಎರಡನೆಯದರಲ್ಲಿ ನೀರಿನಲ್ಲಿ ಕುಣಿಯುವ ಹುಳುಗಳನ್ನು ನೋಡಿ ನಗುವ ತಮ್ಮ. ಮೂರನೆಯದರಲ್ಲಿ ಜ್ವರ ಬಂದು ಮಲಗಿರುವ ಅಕ್ಕ. ನಾಲ್ಕನೆಯದರಲ್ಲಿ ಡ್ರಮ್ಮನ್ನು ಬೋರಲು ಹಾಕುತ್ತಿರುವ ಅಪ್ಪ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಸಾಮಾನ್ಯವಾಗಿ ವಾರ, ಹತ್ತು ದಿನ ಹಿಡಿಯುತ್ತದೆ. ಆ ದಿನಗಳು ಕಳೆಯುವುದು ಮೊದಲ ಚೌಕದಿಂದ ಮೂರನೆಯದರವರೆಗಿನ ಖಾಲಿ ಪಟ್ಟಿಗಳಲ್ಲಿ. ನೀರಿನ ತೊಟ್ಟಿಗಳನ್ನು ವಾರಕ್ಕೊಮ್ಮೆ ಒಣಗಿಸಬೇಕೆಂದು ಆರೋಗ್ಯ ಇಲಾಖೆ ಹೇಳುವುದೇಕೆ ಎಂಬುದು ಆ ಪಟ್ಟಿಗಳ ಮೇಲೆ ಬೆರಳಿಟ್ಟರೆ ತಿಳಿಯುತ್ತದೆ.

ಆಟದ ಸುದ್ದಿ, ಸಿನಿಮಾ ಸುದ್ದಿ

ಕಾಮಿಕ್ಸಿನ ಬೆನ್ನಿಗೇ ಮಕ್ಕಳ ಬಾಯಲ್ಲಿ ಮೊಬೈಲ್ ಆಟಗಳೂ ಸೂಪರ್‌ಹೀರೋ ಸಿನಿಮಾಗಳೂ ಬರುತ್ತವೆ. ಅವನ್ನು ಹೊರಗಟ್ಟುವ ಬದಲು ವಾರಕ್ಕೊಂದು ಸುದ್ದಿಯನ್ನು ಫಲಕಕ್ಕೆ ಅಂಟಿಸಿ, ಅದು ಕಂಪನಿಯ ಪ್ರಕಟಣೆಯೋ, ವದಂತಿಯೋ, ಜಾಹೀರಾತೋ, ವಿಮರ್ಶೆಯೋ ಎಂದು ವಿಂಗಡಿಸಲು ಹೇಳಿ. ಜಿಟಿಎ 6 ಮಕ್ಕಳಿಗಾಗಿ ಮಾಡಿದ ಆಟವಲ್ಲ, ಆದರೆ ಅದು ಯಾವಾಗ ಬರುತ್ತದೆಂದು ಪ್ರೌಢಶಾಲೆಯ ಹುಡುಗರಿಗೆ ಬಾಯಿಪಾಠ. 2023ರ ಡಿಸೆಂಬರಿನಲ್ಲಿ ತಯಾರಕರು 2025 ಎಂದರು, ಬಳಿಕ 2026ರ ಮೇ 26 ಎಂದರು, ಮತ್ತೆ ಅದೇ ವರ್ಷದ ನವೆಂಬರ್ 19 ಎಂದರು. ನಡುನಡುವೆ ಯೂಟ್ಯೂಬಿನಲ್ಲಿ ಬೇರೆ ಎಷ್ಟೋ ದಿನಾಂಕಗಳು ಓಡಾಡಿದವು. ಯಾವುದನ್ನು ಯಾರು ಹೇಳಿದರು, ಎಂದು ಹೇಳಿದರು ಎಂದು ಪಟ್ಟಿ ಮಾಡುವುದು ಪತ್ರಿಕೆ ಓದುವ ವಿದ್ಯೆಯ ಆರಂಭ.

ದೊಡ್ಡ ಮಕ್ಕಳಿಗೆ ಇನ್ನೂ ಗಟ್ಟಿ ವಿಷಯವಿದೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇ–ಸ್ಪೋರ್ಟ್ಸ್, ಅಂದರೆ ಪಂದ್ಯವಾಗಿ ಆಡುವ ವಿಡಿಯೊ ಆಟಗಳು, ಪದಕದ ಸ್ಪರ್ಧೆಯಾಗಿದ್ದವು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ ಇ–ಸ್ಪೋರ್ಟ್ಸನ್ನು ಬೇರೆಯಾಗಿ ಗುರುತಿಸಿತು. ಈ ವ್ಯತ್ಯಾಸವನ್ನು ನಾಲ್ಕೇ ಚೌಕಗಳಲ್ಲಿ ತಮ್ಮ ಅಪ್ಪನಿಗೆ ಅರ್ಥವಾಗುವಂತೆ ಹೇಳಬೇಕು ಎಂದರೆ ಸುದ್ದಿಯನ್ನು ಮೂರು ಸಲವಾದರೂ ಓದದೆ ಗತಿಯಿಲ್ಲ.

ಅಂಕ ಮತ್ತು ಗೋಡೆ

ಅಂಕ ಕೊಡಲೇಬೇಕಾದಲ್ಲಿ ಇದನ್ನು ಕಲಿಕೆಯ ನಡುವೆಯೇ ನಡೆಸುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಪರಿಗಣಿಸಬಹುದು. ಚಿತ್ರದ ಅಂದಕ್ಕೆ ಅಂಕ ಬೇಡ. ವಿಷಯ ಸರಿಯಿದೆಯೇ, ಚೌಕದಿಂದ ಚೌಕಕ್ಕೆ ದಾಟಲು ಆಗುತ್ತದೆಯೇ, ಮಾತು ಆ ಪಾತ್ರಕ್ಕೆ ಹೊಂದುತ್ತದೆಯೇ ಎಂಬ ಮೂರನ್ನು ನೋಡಿದರೆ ಸಾಕು. ಮುಗಿದ ಹಾಳೆಗಳನ್ನು ಸ್ಟಾಫ್ ರೂಮಿನ ಬೀರುವಿನಲ್ಲಿಡದೆ ವರಾಂಡದ ಗೋಡೆಗೆ ಐದನೇ ತರಗತಿಯವರ ಕಣ್ಣಿನ ಮಟ್ಟಕ್ಕೆ ಅಂಟಿಸಿ. ಬರೆದವರು ಊಟದ ಬಿಡುವಿನಲ್ಲಿ ಸ್ವಲ್ಪ ದೂರ ನಿಂತು, ಓದುವ ಚಿಕ್ಕವರ ಬೆರಳು ಯಾವ ಚೌಕದ ಬಳಿ ತಡವರಿಸಿ ಹಿಂದಕ್ಕೆ ಹೋಗುತ್ತದೆ ಎಂದು ಗುರುತು ಹಾಕಿಕೊಳ್ಳಲಿ. ಮರುದಿನ ಅವರು ಹೊಸದಾಗಿ ಬರೆದು ಹಳೆಯದರ ಮೇಲೆ ಅಂಟಿಸಬೇಕಾದದ್ದು ಆ ಒಂದು ಚೌಕವನ್ನು ಮಾತ್ರ.