ಎಚ್ಚರವಿರುವಾಗ ಮಗುವನ್ನ ಜೋಲಿಯಿಂದ ಕೆಳಗಿಳಿಸಿ

ನಾನು ಶಿಡ್ಲಘಟ್ಟ ಕಡೆಯ ಆಶಾ ಕಾರ್ಯಕರ್ತೆ. ಮಗು ಹುಟ್ಟಿದ ಮೇಲೆ 42 ದಿನದವರೆಗೆ ಹಲವು ಸಲ ಆ ಮನೆಗೆ ಹೋಗುತ್ತೇನೆ, ಆಮೇಲೆ 3, 6, 9, 12, 15 ತಿಂಗಳಿಗೆ. ತೂಕ ಎಷ್ಟಾಯಿತು, ಲಸಿಕೆ ಯಾವಾಗ ಅಂತ ಎಲ್ಲರೂ ಕೇಳುತ್ತಾರೆ. ಮಗು ಏನು ನೋಡುತ್ತಿದೆ, ಕೈಕಾಲು ಹೇಗೆ ಆಡಿಸುತ್ತಿದೆ ಅಂತ ಕೇಳುವವರು ಕಡಿಮೆ. ನಾನು ಮೊದಲು ಅದನ್ನೇ ನೋಡುತ್ತೇನೆ.

ನಮ್ಮ ಕಡೆ ರೇಷ್ಮೆ ಹುಳು ಸಾಕುವ ಮನೆಗಳು ಜಾಸ್ತಿ. ಹುಳ ನಾಲ್ಕನೇ ಜ್ವರ (ಸೊಪ್ಪು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ, ಒಟ್ಟು ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಆಗಲೇ ತಿನ್ನುವುದು, ಮನೆಯವರಿಗೆ ಕೂತು ಉಣ್ಣಲೂ ಪುರುಸೊತ್ತಿರುವುದಿಲ್ಲ. ಅಷ್ಟೂ ದಿನ ಮಗು ಸೀರೆ ಜೋಲಿಯಲ್ಲಿ. ಅದಕ್ಕೆ ತಾಯಿಯನ್ನ ಬೈದು ಏನು ಪ್ರಯೋಜನ? ಆದರೆ ಜೋಲಿಯಲ್ಲಿ ಬೆನ್ನು ಬಾಗಿಕೊಂಡೇ ಇರುತ್ತದೆ, ಕೈಯೂರಿ ಮೇಲೇಳಲು ಗಟ್ಟಿ ನೆಲ ಸಿಗುವುದಿಲ್ಲ, ಎರಡು ಕಡೆಯ ಬಟ್ಟೆ ಬಿಟ್ಟರೆ ಕಣ್ಣಿಗೆ ಏನೂ ಬೀಳುವುದಿಲ್ಲ.

ಎಳೇ ಮಗುವಿಗೆ 20ರಿಂದ 30 ಸೆಂಟಿಮೀಟರ್ ದೂರದ್ದು ಮಾತ್ರ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ. ಹಾಲು ಕುಡಿಯುವಾಗ ಅಮ್ಮನ ಮುಖ ಇರುವುದೂ ಸುಮಾರು ಅಷ್ಟೇ ದೂರ. ಅದಕ್ಕೆ ಹಾಲು ಕೊಡುವಾಗ ಫೋನ್ ಪಕ್ಕಕ್ಕಿಟ್ಟು ಮಗುವಿನ ಮುಖ ನೋಡಿ ಮಾತಾಡಿ ಅಂತೀನಿ. ನನ್ನ ಚೀಲದಲ್ಲಿ ಕೆಂಪು ಉಲ್ಲನ್ ಉಂಡೆ ಒಂದಿದೆ. 3 ತಿಂಗಳಿನ ಮಗುವಿನ ಮುಂದೆ ಅದನ್ನ ನಿಧಾನಕ್ಕೆ ಆ ಕಡೆ ಈ ಕಡೆ ಸರಿಸಿದರೆ ಕಣ್ಣು ಹಿಂದೆಯೇ ಬರಬೇಕು. ಕಿವಿ ನೋಡಲು, 6 ತಿಂಗಳಿಗೆ, ಮಗುವಿಗೆ ಕಾಣದ ಹಾಗೆ ಪಕ್ಕದಲ್ಲಿ ಗೆಜ್ಜೆ ಅಲ್ಲಾಡಿಸುತ್ತೇನೆ. ಇದು ಪರೀಕ್ಷೆಯಲ್ಲ, ಅನುಮಾನ ಬಂದರೆ ಆಸ್ಪತ್ರೆಗೆ ಕಳಿಸಲು ದಾರಿ ಅಷ್ಟೇ.

ಮಗುವನ್ನ ಬೋರಲು ಹಾಕಿ ಅಂದಾಗಲೇ ಜಗಳ ಶುರುವಾಗುವುದು. "ಏನಮ್ಮಾ, ಎಳೇ ಕೂಸಿನ ಕತ್ತು ಮುರಿಯೋಕೆ ಬಂದಿದ್ದೀಯಾ?" ಅಂತ ಅಜ್ಜಿಯಂದಿರು ಎದ್ದೇ ಬರುತ್ತಾರೆ. ಆಗ ನಾನು, "ಅಜ್ಜಿ, ನೀರು ಹಾಕುವಾಗ ಕಾಲು ಚಾಚಿ ಕೂತು ಮಗುವನ್ನ ಕಾಲ ಮೇಲೆ ಬೋರಲು ಮಲಗಿಸಿ ಬೆನ್ನು ಉಜ್ಜುತ್ತೀರಲ್ಲ, ನಾನು ಹೇಳುತ್ತಿರುವುದು ಅದನ್ನೇ, ಇನ್ನೆರಡು ಸಲ ಚಾಪೆ ಮೇಲೆ ಮಾಡಿ ಅಷ್ಟೇ" ಅಂತೀನಿ. ಅಜ್ಜಿ ಸ್ವಲ್ಪ ಹೊತ್ತು ಸುಮ್ನಿದ್ದು ಒಪ್ಪುತ್ತಾರೆ, ಕೆಲವರು ಮೊದಲಿಂದಲೂ ತಮಗೆ ಗೊತ್ತಿತ್ತು ಅಂತಲೂ ಹೇಳುತ್ತಾರೆ. ಎಚ್ಚರವಿರುವಾಗ, ಹಾಲು ಕುಡಿದ ತಕ್ಷಣ ಅಲ್ಲದೆ, ದೊಡ್ಡವರೊಬ್ಬರು ಪಕ್ಕದಲ್ಲಿ ಕೂತಿರುವಾಗ ಮಾತ್ರ. ಶುರುವಿಗೆ ಮೂರ್ನಾಲ್ಕು ನಿಮಿಷ ಸಾಕು, ಅತ್ತರೆ ಎತ್ತಿಕೊಳ್ಳಿ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ, ಸಮತಟ್ಟಾದ ಕಡೆ. ಅಜ್ಜಿಯ ಎಣ್ಣೆ ನೀವುವುದಕ್ಕೆ ನನ್ನದೇನೂ ತಕರಾರಿಲ್ಲ, ಆದರೆ ಕಿವಿಗೂ ಮೂಗಿಗೂ ಎಣ್ಣೆ ಬೇಡ.

ಬೆಳವಣಿಗೆ ತಲೆಯಿಂದ ಕೆಳಕ್ಕೆ ಇಳಿಯುತ್ತದೆ. ಮೊದಲು ಕತ್ತು ನಿಲ್ಲುತ್ತದೆ, ಆಮೇಲೆ ಬೆನ್ನು ಸೊಂಟ, ಕೊನೆಗೆ ಕಾಲು. ಕೈಯದೂ ಹಾಗೇ, ಭುಜದಿಂದ ಬೆರಳಿಗೆ. ಮೊದಲು ಅಂಗೈ ತುಂಬ ಬಾಚಿಕೊಳ್ಳುವ ಮಗು 9, 10 ತಿಂಗಳ ಹೊತ್ತಿಗೆ ಚಾಪೆ ಮೇಲಿನ ಪುರಿಕಾಳನ್ನ ಹೆಬ್ಬೆರಳು ತೋರುಬೆರಳಲ್ಲಿ ಎತ್ತುತ್ತದೆ. ನನಗೆ ಇದನ್ನ ನೋಡುವುದೇ ಖುಷಿ. (ಎತ್ತಿದ್ದು ನೇರ ಬಾಯಿಗೆ ಹೋಗುತ್ತದೆ, ಕಡಲೆಬೀಜ ಮಾತ್ರ ಹತ್ತಿರ ಇಡಬೇಡಿ.)

"ಪಕ್ಕದ ಮನೆ ಮಗು ವರ್ಷಕ್ಕೇ ನಡೀತು, ನಮ್ಮದಿನ್ನೂ ಇಲ್ಲ" ಅನ್ನುವುದು ಎಲ್ಲ ಕಡೆ ಕೇಳಿಬರುವ ಮಾತು. ವಿಶ್ವ ಆರೋಗ್ಯ ಸಂಸ್ಥೆ 5 ದೇಶಗಳ ಮಕ್ಕಳನ್ನ ನೋಡಿ 2006ರಲ್ಲಿ ಲೆಕ್ಕ ಕೊಟ್ಟಿದೆ, ಅದರಲ್ಲಿ ದೆಹಲಿ ಮಕ್ಕಳೂ ಇದ್ದರು. ಹಿಡಿಯದೆ ನಡೆಯುವುದು 8 ತಿಂಗಳಿಂದ ಹೆಚ್ಚು ಕಡಿಮೆ 18 ತಿಂಗಳವರೆಗೆ ಯಾವಾಗ ಬೇಕಾದರೂ ಆಗಬಹುದು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಟ್ಟಿರಲಿಲ್ಲ. ಈ ಆತುರಕ್ಕೇ ಜನ ವಾಕರ್ ತರುವುದು. ಅದರಲ್ಲಿ ಮಗು ತುದಿಗಾಲಲ್ಲಿ ನೆಲ ಒದ್ದು ಸಾಗುತ್ತದೆ, ತನ್ನ ಭಾರ ತಾನೇ ಹೊರುವುದನ್ನ ಕಲಿಯುವುದಿಲ್ಲ. ಕೆನಡಾದಲ್ಲಿ 2004ರಿಂದ ಅದರ ಮಾರಾಟವೇ ನಿಷೇಧ. ನಮ್ಮಲ್ಲಂತೂ ಗೂಡು ಬೇಯಿಸುವ ಬಿಸಿನೀರಿರುವ ಮನೆಗಳಿವೆ, ಅಂಥ ಕಡೆ ವಾಕರ್ ಕಂಡರೆ ನಾನು ಅಟ್ಟಕ್ಕೆ ಹಾಕಿಸಿಯೇ ಬರುವುದು.

ಆದರೆ ಎಲ್ಲಕ್ಕೂ ಕಾಯಬೇಡಿ. 5 ತಿಂಗಳಾದರೂ ಕತ್ತು ನಿಲ್ಲದಿದ್ದರೆ, 9 ತಿಂಗಳಿಗೂ ಕೂರದಿದ್ದರೆ, 18 ತಿಂಗಳಿಗೂ ನಡೆಯದಿದ್ದರೆ, ವರ್ಷದೊಳಗೇ ಒಂದೇ ಕೈ ಬಳಸಿ ಇನ್ನೊಂದನ್ನ ಮುಷ್ಟಿ ಕಟ್ಟಿಕೊಂಡೇ ಇದ್ದರೆ, ಬರುತ್ತಿದ್ದದ್ದು ಬಿಟ್ಟುಹೋದರೆ ತಕ್ಷಣ ಮಕ್ಕಳ ಡಾಕ್ಟರಿಗೆ ತೋರಿಸಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗುವಾದರೆ ವಯಸ್ಸನ್ನ ಹುಟ್ಟಿದ ದಿನದಿಂದ ಅಲ್ಲ, ತಾಯಿ ಕಾರ್ಡಿನಲ್ಲಿ ಬರೆದಿರುವ, ಹೆರಿಗೆ ಆಗಬೇಕಿದ್ದ ದಿನದಿಂದ ಲೆಕ್ಕ ಹಾಕಿ ನೋಡಿ.