ಬ್ಯೂನಸ್ ಐರಿಸ್‌ನಲ್ಲಿ ಸಸ್ಯಾಹಾರಿಯ ಹನ್ನೆರಡು ದಿನ

ದನದ ಮಾಂಸಕ್ಕೆ ಹೆಸರಾದ ಊರಿನಲ್ಲಿ ಸಸ್ಯಾಹಾರಿಯೊಬ್ಬ ಹನ್ನೆರಡು ದಿನ ಕಳೆಯಲಾರನೆಂದೂ, ಮೂರನೆಯ ದಿನಕ್ಕೇ ಇಗುವಾಸು ಜಲಪಾತದ ಕಡೆ ಹೊರಡುವುದೇ ಲೇಸೆಂದೂ ನನ್ನ ಪ್ರವಾಸಿ ಮಿತ್ರರು ಹೇಳಿದ್ದರು. 2023ರ ನವೆಂಬರಿನಲ್ಲಿ ನಾನು ಅರ್ಜೆಂಟೀನಾದ ರಾಜಧಾನಿ ಬ್ಯೂನಸ್ ಐರಿಸ್ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಊಟ, ಕಾಫಿ, ಬಸ್ಸು ಸೇರಿ ದಿನಕ್ಕೆ ಸಾವಿರದ ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಮುಗಿಸಿದೆ.

ಮೊದಲ ಪೆಟ್ಟು ಬಿದ್ದದ್ದು ಹಣದಲ್ಲಿ. ವಿಮಾನ ನಿಲ್ದಾಣದಲ್ಲಿ ಅವಸರಪಟ್ಟು 200 ಡಾಲರನ್ನು ಅಧಿಕೃತ ದರದಲ್ಲಿ, ಅಂದರೆ ಡಾಲರಿಗೆ ಸುಮಾರು 350 ಪೆಸೊದಂತೆ ಬದಲಾಯಿಸಿಕೊಂಡೆ. ಅಂದೇ ಸಂಜೆ ಫ್ಲೋರಿಡಾ ಬೀದಿಯಲ್ಲಿ 'ಕಾಂಬಿಯೋ, ಕಾಂಬಿಯೋ' ಎಂದು ಕೂಗುತ್ತಿದ್ದ, ಅನಧಿಕೃತವಾಗಿ ಹಣ ಬದಲಾಯಿಸುವವರು ಡಾಲರಿಗೆ 900 ಹೇಳಿದಾಗ, ಹತ್ತು ಸಾವಿರ ರೂಪಾಯಿ ಕೈಬಿಟ್ಟುಹೋಯಿತೆಂದು ಅರ್ಥವಾಯಿತು. ಅಷ್ಟೇ ಅಲ್ಲದೆ, ನನ್ನಲ್ಲಿದ್ದ ನೂರು ಡಾಲರಿನ ನೋಟುಗಳಲ್ಲಿ ಫ್ರಾಂಕ್ಲಿನ್‌ರ ಮುಖ ಚಿಕ್ಕದಾಗಿದ್ದ ಎರಡು ಹಳೆಯವಕ್ಕೆ 'ಕಾರಾ ಚಿಕಾ', ಅಂದರೆ ಚಿಕ್ಕ ಮುಖ, ಎಂದು ದರ ಇಳಿಸಿದರು. ಅವೆರಡನ್ನೂ ಪೂರ್ಣ ದರಕ್ಕೇ ದಾಟಿಸಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ.

ಊಟದಲ್ಲಿಯೂ ಎಡವಿದೆ. ಬೆಳಗಿನ ಕಾಫಿಯೊಡನೆ ಕೊಡುವ ಅರ್ಧಚಂದ್ರಾಕಾರದ ಬನ್ನು ಮೆದಿಯಾಲೂನಾದಲ್ಲಿ ಎರಡು ಬಗೆಯಿದ್ದು, ಉಬ್ಬಿದ ಸಿಹಿಯಾದದ್ದು ಬೆಣ್ಣೆಯದು, ಸಪೂರವಾದ ಗರಿಗರಿಯಾದದ್ದು ಗ್ರಾಸಾ, ಅಂದರೆ ಪ್ರಾಣಿಯ ಕೊಬ್ಬಿನದು ಎಂಬುದು ತಿಳಿಯುವಷ್ಟರಲ್ಲಿ ಮೂರು ಬೆಳಗು ಕಳೆದಿದ್ದವು. ಮೆಕ್ಕೆಜೋಳದ ಹೂರಣ ತುಂಬಿದ, ಕಡುಬಿನಂಥ ಎಂಪನಾದಾದ ಹಿಟ್ಟಿಗೂ ಹಲವೆಡೆ ಅದೇ ಕೊಬ್ಬನ್ನು ಕಲಸುತ್ತಾರೆ. ಹೂರಣವನ್ನಷ್ಟೇ ವಿಚಾರಿಸಿ ಸಮಾಧಾನಪಟ್ಟಿದ್ದ ನನ್ನದೇ ತಪ್ಪು.

ಕೈಹಿಡಿದದ್ದು ಫೈನಾ. ಜೆನೋವಾದಿಂದ ವಲಸೆ ಬಂದವರು ತಂದ, ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪುಗಳನ್ನಷ್ಟೇ ಕಲಸಿ ಒಲೆಯಲ್ಲಿ ಬೇಯಿಸುವ ಈ ದಪ್ಪ ರೊಟ್ಟಿಯನ್ನು ಇಲ್ಲಿ ಪಿಜ್ಜಾ ತುಂಡಿನ ಮೇಲಿಟ್ಟು, ಕೊರಿಯೆಂತೆಸ್ ಬೀದಿಯ ಅಂಗಡಿಗಳಲ್ಲಿ ನಿಂತೇ ತಿನ್ನುತ್ತಾರೆ. ಅಂಚು ಕರಿದಂತೆ, ನಡುಭಾಗ ಗಿಣ್ಣಿನಂತೆ ಮೆತ್ತಗೆ. ಅಂಚಿನ ತುಂಡನ್ನೇ ಕೇಳಿ ಪಡೆಯಬೇಕು. ಇಲ್ಲಿನವರು ಚಹಾದಂತೆ ಕುಡಿಯುವ ಎಲೆಯ ಪೇಯ 'ಮಾತೆ'ಯನ್ನೂ ಪ್ರಯೋಗಿಸಿದೆನಾದರೂ, ಕುದಿಯುವ ನೀರು ಸುರಿದು ಕಷಾಯಕ್ಕಿಂತ ಕಹಿ ಮಾಡಿಕೊಂಡೆ.

ಸುತ್ತಾಟಕ್ಕೆ ಟ್ಯಾಕ್ಸಿ ಬೇಕಾಗಲಿಲ್ಲ. ಮನೆ ಸಂಖ್ಯೆಗಳು ಒಂದೊಂದು ಕ್ವಾದ್ರಾಕ್ಕೆ, ಅಂದರೆ ಎರಡು ಬೀದಿ ಮೂಲೆಗಳ ನಡುವಿನ ತುಂಡಿಗೆ, ನೂರರಂತೆ ಏರುತ್ತವೆ, ಒಂದು ಕ್ವಾದ್ರಾ ಹೆಚ್ಚುಕಡಿಮೆ ನೂರು ಮೀಟರು. ಅಡ್ಡಬೀದಿಗಳ ಎಣಿಕೆ ರಿವಾದಾವಿಯಾ ರಸ್ತೆಯಿಂದ ಆರಂಭವಾಗುತ್ತದೆ, ಅದನ್ನು ದಾಟಿದರೆ ಫ್ಲೋರಿಡಾ ಬೀದಿಯೇ ಪೆರು ಎಂಬ ಹೆಸರು ತಾಳುತ್ತದೆ. ಇಷ್ಟು ತಿಳಿದ ಮೇಲೆ ಭೂಪಟವನ್ನು ಚೀಲದಿಂದ ತೆಗೆಯಲಿಲ್ಲ. ಸೂಬೆ ಎಂಬ ಪ್ರಯಾಣದ ಕಾರ್ಡಿನಲ್ಲಿ ಆಗ ಬಸ್ಸಿಗೆ ಐವತ್ತಮೂರು ಪೆಸೊದಷ್ಟಿತ್ತು, ನಮ್ಮ ಲೆಕ್ಕದಲ್ಲಿ ಐದು ರೂಪಾಯಿ. ಕೈ ಚಾಚದಿದ್ದರೆ ಮಾತ್ರ ಬಸ್ಸು ನಿಲ್ಲದು.

1913ರಲ್ಲಿ ಆರಂಭವಾದ ಎ ಮಾರ್ಗದ ಸುರಂಗ ರೈಲಿನಲ್ಲಿ ಒಂದು ಗುರುವಾರ ಪ್ಲಾಸಾ ದೆ ಮಾಯೊಗೆ ಹೋದೆ. ಮಿಲಿಟರಿ ಆಡಳಿತದಲ್ಲಿ ಕಾಣೆಯಾದ ಮಕ್ಕಳಿಗಾಗಿ 1977ರಿಂದ ಅಲ್ಲಿ ಸೇರುತ್ತಿರುವ ತಾಯಂದಿರಲ್ಲಿ ಬಿಳಿಯ ವಸ್ತ್ರ ತಲೆಗೆ ಕಟ್ಟಿದ ಕೆಲವರು, ಮಧ್ಯಾಹ್ನ ಮೂರೂವರೆಗೆ ಚೌಕವನ್ನು ಸುತ್ತಿದರು. ಹೊತ್ತು ನೋಡಿಕೊಂಡು ಹೋದದ್ದು ಅಲ್ಲಿಗೊಂದಕ್ಕೇ.

ಕೊನೆಯ ವಾರ ಫೈನಾದ ಮೇಲೆ ಮನೆಯಿಂದ ಒಯ್ದಿದ್ದ ಶೇಂಗಾ ಚಟ್ನಿಪುಡಿ ಉದುರಿಸತೊಡಗಿದೆ. ಎರಡನೆಯ ದಿನವೇ ಅಂಗಡಿಯಾತ ಚಿಟಿಕೆ ಕೇಳಿ ಬಾಯಿಗೆ ಹಾಕಿಕೊಂಡು, ನೀರಿಗೆ ಓಡಿ, ಮರಳಿ ಬಂದು ಮತ್ತೆ ಕೈ ಚಾಚಿದ. ಉಳಿದ ಪೊಟ್ಟಣವನ್ನು ಹೊರಡುವ ದಿನ ಅವನಿಗೇ ಕೊಟ್ಟೆ.